ಎರಿಟ್ರಿಯಾದ ಕೆಳಗೆ, ಇಥಿಯೋಪಿಯಾದ ಮೇಲೆ

ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಸಿಕ್ಕಿದ್ದಕ್ಕೆ ಆವ್ರಿಲ್ ಕೆಂಡ್ರಿಕ್‌ಗೆ ಎಂದಿನಂತೆ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ತಾನು ಬರೆದ ಸರ್ಕಾರಿ ಆದೇಶದ ಕರಡಿನ ನಾಲ್ಕನೆಯ ಖಂಡ ನೆನಪಾಯಿತು. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅದು ಕೆಲವು ದಿನಗಳಿಂದ ಅಲ್ಲೇ ಇತ್ತು. ನಾಲಿಗೆ ಹೋಗಿ ಹೋಗಿ ಅದನ್ನೇ ಮುಟ್ಟುತ್ತಿತ್ತು. ಮಡಿಲಿನ ಚೀಲದಲ್ಲಿ ಆ ಕರಡು ಇತ್ತು, ಒಟ್ಟು ಎರಡೇ ಹಾಳೆ. ಲಂಡನ್ನಿನಲ್ಲಿ ವಿಮಾನ ಇಳಿದು, ಊರೊಳಗೆ ಕಾಲಿಡದೆ, ಬೇರೆ ವಿಮಾನ ಹತ್ತಿ ಮುಂದೆ ಹೋಗುವವರಲ್ಲೂ ಕೆಲವು ದೇಶದವರಿಗೆ ಟ್ರಾನ್ಸಿಟ್ ವೀಸಾ ಬೇಕು. ಯಾವ ಯಾವ ದೇಶ ಎಂಬುದು ಆದೇಶದ ಕೊನೆಯ ಅನುಸೂಚಿಯಲ್ಲಿದೆ. ಅದರಲ್ಲಿ ಎರಡು ದೇಶಗಳು ಹೆಸರು ಬದಲಾಯಿಸಿಕೊಂಡಿದ್ದವು. ಮ್ಯಾಸಿಡೋನಿಯಾ ಉತ್ತರ ಮ್ಯಾಸಿಡೋನಿಯಾ ಆಗಿತ್ತು, ಸ್ವಾಜಿಲ್ಯಾಂಡ್ ಎಸ್ವಾತೀನಿ ಆಗಿತ್ತು. ಕಾನೂನಿನಲ್ಲೂ ಹಾಗೆಯೇ ತಿದ್ದಬೇಕು, ಅಷ್ಟೇ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಒಂದು ಹೆಸರು ನೈಜೀರಿಯಾದ ಕೆಳಗೆ ಹೋಗಿ ಕೂರುತ್ತಿತ್ತು. ಇನ್ನೊಂದು, ಇಷ್ಟು ವರ್ಷ ಸುಡಾನ್ ಮತ್ತು ಸಿರಿಯಾದ ನಡುವೆ ಇದ್ದದ್ದು, ಗಂಟುಮೂಟೆ ಕಟ್ಟಿಕೊಂಡು ಮೇಲಕ್ಕೆ ಬಂದು ಎರಿಟ್ರಿಯಾ ಮತ್ತು ಇಥಿಯೋಪಿಯಾದ ನಡುವೆ ಮನೆ ಹಿಡಿಯುತ್ತಿತ್ತು. ಇದನ್ನು ಕಂಡುಕೊಂಡ ಮಧ್ಯಾಹ್ನ ಆವ್ರಿಲ್ ಒಬ್ಬಳೇ ನಕ್ಕಿದ್ದಳು. ಕಚೇರಿಯ ಉಳಿದವರೆಲ್ಲ ಯುರೋಪಿನ ಒಕ್ಕೂಟದಿಂದ ದೇಶವನ್ನು ಬಿಡಿಸುವ ಆದೇಶಗಳನ್ನು ರಾಶಿ ರಾಶಿ ಬರೆಯುತ್ತ, ಕಣ್ಣು ಕೆಂಪಾಗಿಸಿಕೊಂಡು, ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಕಾಲ. ಭಾನುವಾರ ಅಕ್ಕನ ಮನೆಯ ಊಟದಲ್ಲೂ ಅದೇ ಜಗಳ. ಭಾವ ಮೇಜಿನ ಮೇಲೆ ಚಮಚ ಕುಕ್ಕಿದ್ದ. ಇವಳೊಬ್ಬಳು ಮಾತ್ರ ಹುರಿದ ಆಲೂಗಡ್ಡೆಯನ್ನು ಮತ್ತೊಮ್ಮೆ ಬಡಿಸಿಕೊಳ್ಳುತ್ತ, ಅಕ್ಷರಮಾಲೆಯಲ್ಲಿ ಒಂದು ದೇಶ ಮೇಲೇರುವ ಚಂದವನ್ನು ನೆನೆಯುತ್ತ ಸುಖವಾಗಿದ್ದಳು. ಊರಿಗೆಲ್ಲ ಇಲ್ಲದ ನೆಮ್ಮದಿ ತನಗೆ ಹೇಗೆ ಬಂತು ಎಂದು ಅವಳಿಗೆ ಆಗಾಗ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ನೆಮ್ಮದಿ ಕಡಿಮೆಯಾಗುತ್ತಿರಲಿಲ್ಲ.

ನಾಲ್ಕನೆಯ ಖಂಡ ಒಂದೇ ವಾಕ್ಯ. ಹಳೆಯ ಹೆಸರಿನಲ್ಲಿ ಕೊಟ್ಟ ವೀಸಾ, ಹಳೆಯ ಹೆಸರಿನ ಪಾಸ್‌ಪೋರ್ಟು ಹೊಸ ಹೆಸರಿನಡಿಯೂ ನಡೆಯುತ್ತವೆ ಎಂದು ಹೇಳುವ ವಾಕ್ಯ. ಅದನ್ನು ಬರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ. ಬಸ್ಸು ನದಿಯ ಕಡೆ ತಿರುಗಿತು, ಬಿಸಿಲು ಗಾಜಿನಿಂದ ನೇರ ಮುಖಕ್ಕೆ ಬಿತ್ತು, ಆ ಬಿಳಿ ಬೆಳಕಿನಲ್ಲಿ ಅವಳಿಗೆ ವಿಮಾನ ನಿಲ್ದಾಣದ ಟ್ಯೂಬ್‌ಲೈಟು ಕಂಡಿತು. ಕರಡು ಬರೆಯುವ ಮೊದಲು ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ನೋಡಿಕೊಂಡು ಬನ್ನಿ ಎಂದು ಕಳಿಸಿದ್ದರು. ಕೊರಳಿಗೆ ಹಳದಿ ಪಟ್ಟಿಯ ಬಿಲ್ಲೆ ಹಾಕಿ, ನೋಡಿ ಆದರೆ ಮಾತಾಡಬೇಡಿ ಎಂದು ನಗುತ್ತಲೇ ಹೇಳಿ, ಕೈಗೆ ಒಂದು ಲೋಟ ಚಹಾ ಕೊಟ್ಟು ನಿಲ್ಲಿಸಿದ್ದರು. ವಿಮಾನ ಬದಲಿಸುವವರ ಕೌಂಟರಿನಲ್ಲಿ ಒಬ್ಬ ಮುದುಕ ನಿಂತಿದ್ದ. ಬೂದು ಸೂಟು, ಮಡಿಕೆ ಮುರಿಯದ ಕರವಸ್ತ್ರ. ಅವನ ಪಾಸ್‌ಪೋರ್ಟಿನ ಮೇಲೆ ಸ್ವಾಜಿಲ್ಯಾಂಡ್ ಎಂದಿತ್ತು, ವೀಸಾದ ಮೇಲೂ ಹಾಗೆಯೇ. ಕೌಂಟರಿನ ಹುಡುಗಿಯ ಕಂಪ್ಯೂಟರಿನಲ್ಲಿ ಆ ಹೆಸರಿನ ದೇಶವೇ ಇರಲಿಲ್ಲ. ಹುಡುಗಿ ಒರಟಾಗಿ ಮಾತಾಡಲಿಲ್ಲ. ಸ್ವಲ್ಪ ಕೂತಿರಿ ಸರ್, ಕೇಳಿ ಹೇಳುತ್ತೇನೆ ಎಂದಳು. ಅವನು ಕೂತ. ಕೋಟಿನ ಜೇಬಿನಿಂದ ಬಾಳೆಹಣ್ಣು ತೆಗೆದು ನಿಧಾನಕ್ಕೆ ತಿಂದು, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಮತ್ತೆ ಜೇಬಿಗೇ ಇಟ್ಟುಕೊಂಡ. ಗೋಡೆಯ ಫಲಕದಲ್ಲಿ ಅವನು ಹತ್ತಬೇಕಿದ್ದ ಟೊರೊಂಟೊ ವಿಮಾನದ ಮುಂದೆ ಕೆಂಪು ಅಕ್ಷರ ಮೂಡಿದಾಗ ತಲೆಯೆತ್ತಿ ನೋಡಿದ, ಆಮೇಲೆ ಆವ್ರಿಲ್ ಕಡೆ ನೋಡಿ, ಇಂಥದ್ದೆಲ್ಲ ಇದ್ದದ್ದೇ ಎನ್ನುವಂತೆ ಮುಗುಳ್ನಕ್ಕ. ಅವಳಿಗೆ ಉತ್ತರ ಗೊತ್ತಿತ್ತು. ಆ ಇಡೀ ಕಟ್ಟಡದಲ್ಲಿ ಅಷ್ಟು ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ ಇರಬೇಕು. ಅವಳೂ ಮುಗುಳ್ನಕ್ಕಳು. ಚಹಾ ಕುಡಿದಳು. ನಿಮ್ಮ ಸಮಯವಾಯಿತು ಎಂದು ಕರೆಯಲು ಬಂದಾಗ ಅವನು ಇನ್ನೂ ಅಲ್ಲೇ ಕೂತಿದ್ದ.

ಹನ್ನೊಂದರ ಸಭೆಯಲ್ಲಿ ಲೂಸಿಯನ್ ಫ್ರೇ ಕರಡನ್ನು ಅವಳ ಮುಂದೆ ತಿರುಗಿಸಿ, ನಾಲ್ಕನೆಯ ಖಂಡದ ಮೇಲೆ ಪೆನ್ನಿನ ಹಿಂಬದಿ ಇಟ್ಟ. ಅವನು ಈ ಕಚೇರಿಗೆ ಹೊಸದಾಗಿ ಬಂದಾಗ ಕರಡು ಬರೆಯಲು ಕಲಿಸಿದವಳು ಆವ್ರಿಲ್. ಈಗ ಅವನು ವಿಭಾಗದ ಮುಖ್ಯಸ್ಥ, ನಿದ್ದೆಗೆಟ್ಟ ಮುಖದ, ಒಳ್ಳೆಯ ಹುಡುಗ. ಮೇಜಿನ ಆ ಬದಿಗೆ ಇಬ್ಬರು ಕಿರಿಯ ವಕೀಲರು ತಮ್ಮ ಸರದಿಗೆ ಕಾಯುತ್ತ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿ ಕೂತಿದ್ದರು.

"ಇದು ಯಾಕೆ ಬಂತು ಇಲ್ಲಿ?" ಎಂದ.

"ಯಾರಿಗೂ ಅನುಮಾನ ಬರಬಾರದು ಅಂತ."

"ಅನುಮಾನ ಎಲ್ಲಿದೆ ಆವ್ರಿಲ್? ದೇಶ ಅದೇ, ಜನ ಅವರೇ. ಹೆಸರು ಬದಲಾದ ಮಾತ್ರಕ್ಕೆ ವೀಸಾ ಬಿದ್ದುಹೋಗೋದಿಲ್ಲ. ಇದನ್ನ ನನಗೆ ಹೇಳಿಕೊಟ್ಟೋರೇ ನೀವು."

"ಹೌದು. ನಾನೇ."

"ಈಗ ಇಲ್ಲಿ ಬರೆದುಬಿಟ್ಟರೆ ಏನಾಗುತ್ತೆ? ಬೇರೆ ಆದೇಶಗಳಲ್ಲಿ ಯಾಕೆ ಬರೆದಿಲ್ಲ ಅಂತ ನಾಳೆ ಯಾವನೋ ವಕೀಲ ಕೋರ್ಟಲ್ಲಿ ಎದ್ದು ನಿಲ್ತಾನೆ. ಅಲ್ಲಿ ಬರೆದಿಲ್ಲ, ಹಾಗಾದ್ರೆ ಅಲ್ಲಿ ಬಿದ್ದುಹೋಗುತ್ತೆ ಅಂತಾನೆ. ಒಬ್ಬರಿಗೆ ಉಪಕಾರ ಮಾಡೋಕೆ ಹೋಗಿ ಹತ್ತು ಜನಕ್ಕೆ ತೊಂದರೆ."

ಅವನ ಮಾತು ಸರಿಯಾಗಿತ್ತು. ತನ್ನದೇ ಮಾತು, ತನ್ನದೇ ಧಾಟಿ, ಪೆನ್ನು ಹಿಡಿಯುವ ರೀತಿಯೂ ತನ್ನದೇ. ವಾದಿಸಲು ಏನೂ ಇಲ್ಲದಿದ್ದರೂ ಅವಳ ಬಾಯಿ, "ಆದ್ರೆ ಕೌಂಟರಿನಲ್ಲಿ..." ಎಂದು ಶುರುಮಾಡಿ ನಿಂತಿತು.

"ಇದು ಒಳ್ಳೆ ಮನಸ್ಸು, ಆವ್ರಿಲ್. ಕಾನೂನಲ್ಲ," ಎಂದ ಲೂಸಿಯನ್, ಮೆಲ್ಲಗೆ.

ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. ಗದರಿದ್ದರೆ ತಿರುಗಿ ಗದರಬಹುದಿತ್ತು. ಕಿರಿಯರಲ್ಲಿ ಒಬ್ಬಳು ಕೆಮ್ಮಿದಂತೆ ಮಾಡಿದಳು, ಅದು ಕೆಮ್ಮಲ್ಲ. ಆವ್ರಿಲ್‌ಗೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರಿತು. ಐವತ್ತೆಂಟರ ಹೆಂಗಸಿಗೆ ಹೀಗೆ ಕೆಂಪಾಗುವ ಹಕ್ಕಿಲ್ಲ ಎಂದುಕೊಂಡಳು, ಮತ್ತಷ್ಟು ಕೆಂಪಾದಳು. ಹಲ್ಲಿನ ಡಾಕ್ಟರ ಬಳಿಯೂ ಹೀಗೇ ಆಗಿತ್ತು. ಗಂಡ ಗೈಲ್ಸ್ ಬಿಟ್ಟುಹೋದ ಮೇಲೂ ಅವನ ಮನೆತನದ ಹೆಸರನ್ನು ಅವಳು ಇಟ್ಟುಕೊಂಡಿದ್ದಳು. ಪ್ರೀತಿಗಲ್ಲ, ಹಟಕ್ಕೂ ಅಲ್ಲ. ಬದಲಾಯಿಸಬೇಕಾದ ಕಡೆಗಳು ಬಹಳ ಇದ್ದವು, ಅಷ್ಟೇ. ಗೈಲ್ಸನ ಹೊಸ ಹೆಂಡತಿಯೂ ಅದೇ ಡಾಕ್ಟರ ಬಳಿ ಹೋಗುತ್ತಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. "ನೀವು ಯಾವ ಮಿಸೆಸ್ ಕೆಂಡ್ರಿಕ್? ಹೊಸಬರಾ, ಹಳಬರಾ?" ಎಂದು ಕೌಂಟರಿನವಳು ಇಡೀ ಕೋಣೆಗೆ ಕೇಳುವಂತೆ ಕೇಳಿದಾಗ, "ಹಳಬಳು. ಹಲ್ಲು ನೋಡಿದ್ರೆ ಗೊತ್ತಾಗುತ್ತೆ," ಎಂದಿದ್ದಳು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ನಗುವಿನ ಬಲದಿಂದಲೇ ಒಳಗೆ ಹೋಗಿ ಬಾಯಿ ತೆರೆದು ಮಲಗಿದ್ದಳು. ಆಮೇಲೆ ಬೀದಿಗೆ ಬಂದು, ಸಾಲುಮರದ ಕೆಳಗೆ ಮರಗಟ್ಟಿದ ದವಡೆ ಹಿಡಿದುಕೊಂಡು ನಿಂತಾಗ, ತನಗೆ ಅಷ್ಟೇನೂ ದುಃಖವಾಗಿಲ್ಲ ಎಂಬುದು ಹೊಳೆದು ಆಶ್ಚರ್ಯಪಟ್ಟಿದ್ದಳು.

"ತೆಗೀತೀನಿ," ಎಂದಳು ಲೂಸಿಯನ್‌ಗೆ. "ನೀನು ಹೇಳೋದು ಸರಿ."

ತನ್ನ ಮೇಜಿಗೆ ಬಂದು ತೆಗೆದಳು. ಬೆರಳು ಒತ್ತಿದ ಕೂಡಲೇ ವಾಕ್ಯ ಮಾಯವಾಯಿತು; ಐದನೆಯ ಖಂಡ ಮೇಲೆ ಸರಿದು ತಾನೇ ನಾಲ್ಕನೆಯದು ಎಂಬಂತೆ ಕೂತಿತು. ಕಾನೂನಿನ ಈ ನಿರ್ದಾಕ್ಷಿಣ್ಯ ಅವಳಿಗೆ ಯಾವತ್ತೂ ಇಷ್ಟವೇ. ಒಂದು ಮಾತು ಹೋದರೆ ಅದು ಇದ್ದ ಗುರುತೂ ಉಳಿಯುವುದಿಲ್ಲ. ಇವತ್ತು ಮಾತ್ರ ಆ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಹಸಿವಾಯಿತು. ಚೀಸಿನ ಸ್ಯಾಂಡ್‌ವಿಚ್ಚಿನಲ್ಲಿ ಉಪ್ಪಿನಕಾಯಿ ಹದವಾಗಿ ಬಿದ್ದಿತ್ತು, ತಿನ್ನುತ್ತಿದ್ದಂತೆ ಮನಸ್ಸು ತಿಳಿಯಾಯಿತು. ಇಷ್ಟು ಬೇಗ ತಿಳಿಯಾಗುವ ಮನಸ್ಸನ್ನು ನಂಬುವುದು ಹೇಗೆ? ನಿಜವಾದ ಪಶ್ಚಾತ್ತಾಪ ಇರುವವರು ಹೀಗೆ ಉಪ್ಪಿನಕಾಯಿ ಸವಿಯುತ್ತಾರೆಯೇ? ಕಾಗದದ ಚೂರುಗಳನ್ನು ಬುಟ್ಟಿಗೆ ಹಾಕಿ, ಬೆಳಗಿನಿಂದ ಮುಂದೂಡುತ್ತ ಬಂದಿದ್ದ ಫೋನು ಮಾಡಿದಳು. ಎಸ್ವಾತೀನಿಯ ರಾಯಭಾರ ಕಚೇರಿಯಲ್ಲಿ ಎರಡನೆಯ ಕಾರ್ಯದರ್ಶಿಯಾಗಿದ್ದ ಪುಮ್ಲಿಲೆ ಮಾಟ್ಸೆಬುಲಾ ಎಂಬಾಕೆಯನ್ನು ಕೇಳಿ ದೇಶದ ಹೆಸರಿನ ಕಾಗುಣಿತ ಖಚಿತಪಡಿಸಿಕೊಳ್ಳಬೇಕಿತ್ತು. ಮುಂದೂಡಿದ್ದಕ್ಕೆ ಕಾರಣ ಒಂದೇ. ಅವಳಿಗೆ ಆ ಹೆಸರನ್ನು ಬರೆಯಲು ಬರುತ್ತಿತ್ತು, ಬಾಯಿಬಿಟ್ಟು ಹೇಳಿದ್ದು ಕಡಿಮೆ.

"ನಮಸ್ಕಾರ. ಇಸ್‌ವಟಿನಿಯ... ಕ್ಷಮಿಸಿ. ಇಸ್ವಾ..."

ಆ ಕಡೆ ದೊಡ್ಡ, ಆರಾಮದ ನಗು ಕೇಳಿತು. "ಪರವಾಗಿಲ್ಲ ಹೇಳಿ, ಹೇಳಿ. ಹತ್ತಿರ ಬಂದಿದ್ದೀರಿ."

"ನೀವೇ ಹೇಳಿಕೊಡಿ."

"ಎ-ಸ್ವಾ-ತೀ-ನಿ. 'ತೀ' ಮೇಲೆ ಸ್ವಲ್ಪ ಕೂತು ಹೋಗಬೇಕು, ಬೆಂಚಿನ ಮೇಲೆ ಕೂತ ಹಾಗೆ."

"ಎಸ್ವಾತೀನಿ."

"ನೋಡಿ! ಬಂತಲ್ಲ. 'ಎ' ಅಂದ್ರೆ 'ಅಲ್ಲಿ'. ಸ್ವಾತಿ ಜನ ಇರೋ ಕಡೆ, ಅಷ್ಟೇ ಅರ್ಥ. ಹಳೇದು ಹೇಗಿತ್ತು? ಮುಂದಿನರ್ಧ ನಮ್ಮದು, ಹಿಂದಿನ 'ಲ್ಯಾಂಡ್' ನಿಮ್ಮದು. ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ, ಎಲ್ಲಿಗೆ ಹೋದ್ರೂ ಸ್ವಿಟ್ಜರ್ಲೆಂಡಾ ಅಂತ ಕೇಳಿಸಿಕೊಂಡು ಸಾಕಾಗಿ, ಕೊನೆಕೊನೆಗೆ ಹೌದು ಅನ್ನೋಕೆ ಶುರುಮಾಡಿದ್ರು. ಒಬ್ಬಳು ಚಾಕೊಲೇಟ್ ಎಲ್ಲಿ ಅಂತ ಕೇಳಿದಳಂತೆ."

ಆವ್ರಿಲ್ ನಕ್ಕಳು. ಬರೆಯುವಾಗ ಮೊದಲ ಅಕ್ಷರ ಕ್ಯಾಪಿಟಲೋ, ಎರಡನೆಯದು ಕ್ಯಾಪಿಟಲೋ ಎಂದು ಕೇಳಿದಳು. "ನಮ್ಮ ಭಾಷೇಲಿ ಎರಡನೆಯದು, ನಿಮ್ಮ ಇಂಗ್ಲಿಷಲ್ಲಿ ಮೊದಲಿನದು. ಎರಡಕ್ಕೂ ನಾವು ಓಗೊಡ್ತೀವಿ," ಎಂದಳು ಮಾಟ್ಸೆಬುಲಾ. ಅನುಸೂಚಿಯಲ್ಲಿ ಜಾಗ ಎಲ್ಲಿ ಎಂದು ತಾನೇ ಕೇಳಿದಳು. ಎರಿಟ್ರಿಯಾದ ಕೆಳಗೆ, ಇಥಿಯೋಪಿಯಾದ ಮೇಲೆ ಎಂದು ಆವ್ರಿಲ್ ಹೇಳಿದಾಗ, "ಅಯ್ಯೋ, ಹೊಡೆದಾಡಿದವರ ನಡುವೆ ತಂದು ಕೂರಿಸಿದ್ದೀರಲ್ಲ!" ಎಂದಳು.

"ಈಗ ರಾಜಿ ಮಾಡಿಕೊಂಡಿದ್ದಾರಲ್ಲ, ಹೋದ ವರ್ಷ."

"ಹಾಗಾದ್ರೆ ಸರಿ. ಊಟದ ಹೊತ್ತಿಗೆ ಹೋಗಿ ಕೂರ್ತೀವಿ." ಆಮೇಲೆ ಸ್ವರ ಸ್ವಲ್ಪ ಇಳಿಯಿತು. "ಒಂದು ಕೇಳ್ತೀನಿ, ಅಮ್ಮ. ತಪ್ಪು ತಿಳೀಬೇಡಿ, ನಮ್ಮ ಕಡೆ ಹಿರಿಯ ಹೆಂಗಸರನ್ನ ಹೆಸರು ಹಿಡಿದು ಕರೆದು ನನಗೆ ಅಭ್ಯಾಸ ಇಲ್ಲ. ಹಳೇ ಪಾಸ್‌ಪೋರ್ಟು, ಹಳೇ ಹೆಸರಿನ ವೀಸಾ ಹಿಡ್ಕೊಂಡು ಬರೋರ ಕತೆ ಏನು? ನಮಗೆ ವಾರಕ್ಕೊಂದು ಫೋನು ಬರುತ್ತೆ. ಯಾರದೋ ವಿಮಾನ ತಪ್ಪಿತು, ಯಾರನ್ನೋ ಕೂರಿಸಿದ್ರು ಅಂತ."

"ಏನೂ ಆಗೋದಿಲ್ಲ. ಅವೆಲ್ಲ ನಡೆಯುತ್ತೆ. ಹೆಸರು ಬದಲಾದ್ರೆ ಹಕ್ಕು ಬದಲಾಗೋದಿಲ್ಲ."

"ಇದನ್ನ ಎಲ್ಲಾದ್ರೂ ಬರೆದಿದ್ದೀರಾ?"

ಆವ್ರಿಲ್ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ ಯಾರೋ ಮಧ್ಯವಯಸ್ಕ ಬೆಂಚಿನ ಮೇಲೆ ಕೋಟು ತಲೆಗಿಟ್ಟು ಮಲಗಿದ್ದ. ಬರೆಯೋ ಅಗತ್ಯ ಇಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಸರಿಯಾದ ಉತ್ತರ. ಬೆಳಿಗ್ಗೆ ತಾನೇ ಅದನ್ನು ಇನ್ನೊಬ್ಬರ ಬಾಯಿಯಿಂದ ಕೇಳಿಸಿಕೊಂಡಿದ್ದಳು. ಎಷ್ಟು ವರ್ಷದಿಂದ ಈ ಉತ್ತರದ ಒಳಗೆ ಬೆಚ್ಚಗೆ ಬದುಕಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅದರ ಹೊರಗೆ ನಿಂತವರು ಮಾತ್ರ ಕಂಡರು.

"ಇನ್ನೂ ಇಲ್ಲ," ಎಂದಳು.

ಫೋನಿಟ್ಟ ಮೇಲೆ ಆದೇಶದ ಕೊನೆಯ ಪುಟ ತೆರೆದಳು. ಪ್ರತಿ ಆದೇಶಕ್ಕೂ ಕೊನೆಯಲ್ಲೊಂದು ವಿವರಣೆಯ ಟಿಪ್ಪಣಿ ಇರುತ್ತದೆ. ಅದರ ತಲೆಯ ಮೇಲೆ, ಈ ಟಿಪ್ಪಣಿ ಆದೇಶದ ಭಾಗವಲ್ಲ ಎಂದು ಕಂಸದೊಳಗೆ ಅಚ್ಚಾಗಿರುತ್ತದೆ. ಕರಡುಗಾರರು ಅದನ್ನು ಬೇಸರದಿಂದ, ಕೊನೆಯ ಗಳಿಗೆಯಲ್ಲಿ ಬರೆಯುತ್ತಾರೆ. ಕೋರ್ಟಿನಲ್ಲಿ ಅದಕ್ಕೆ ತೂಕ ಕಡಿಮೆ. ಆದರೆ ಕಾನೂನು ಓದಿ ಅಭ್ಯಾಸವಿಲ್ಲದವರು, ಕೌಂಟರುಗಳಲ್ಲಿ ಕೂತವರು, ಅವರಿಗೆ ಸುತ್ತೋಲೆ ಬರೆಯುವವರು, ಎಲ್ಲರೂ ಮೊದಲು ತಿರುಗಿಸುವುದು ಆ ಪುಟವನ್ನೇ. ಇದು ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ, ಯೋಚಿಸಿರಲಿಲ್ಲ ಅಷ್ಟೇ. ಅವಳು ಬರೆದಳು: ಈ ಆದೇಶ ಎರಡು ದೇಶಗಳ ಹೆಸರನ್ನು ಮಾತ್ರ ಬದಲಾಯಿಸುತ್ತದೆ, ಆ ದೇಶಗಳ ಯಾವ ಪ್ರಜೆಯ ಸ್ಥಿತಿಯೂ ಬದಲಾಗುವುದಿಲ್ಲ, ಹಿಂದಿನ ಹೆಸರಿನಲ್ಲಿ ಕೊಟ್ಟ ಪಾಸ್‌ಪೋರ್ಟು ಮತ್ತು ವೀಸಾಗಳು ಹಿಂದಿನಂತೆಯೇ ಇರುತ್ತವೆ. ಓದಿದಳು. ಹೊಸ ಹಕ್ಕೂ ಇಲ್ಲ, ಹೊಸ ಅನುಮಾನವೂ ಇಲ್ಲ. ಬರೀ ನಿಜ. ಮೈಯಲ್ಲಿ ಸಣ್ಣಗೆ ಸುಖ ಹರಿಯಿತು. ಆ ಸುಖದೊಳಗೇ ಒಂದು ಚೂಪು: ಇಷ್ಟು ಹೊಳೆಯಲು ಒಬ್ಬ ಮುದುಕನ ವಿಮಾನ ತಪ್ಪಬೇಕಿತ್ತೇ? ತಪ್ಪಿತೋ ಇಲ್ಲವೋ ಅದೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಗೊತ್ತಾಗದಿದ್ದರೂ ವಾಕ್ಯ ವಾಕ್ಯವೇ ಎಂದುಕೊಂಡು ಲೂಸಿಯನ್ ಬಳಿ ಒಯ್ದಳು.

ಅವನು ನಿಂತೇ ಓದಿದ. ಎರಡು ಸಲ ಓದಿದ. ತಪ್ಪು ಹುಡುಕುವಾಗ ಅವನ ಹುಬ್ಬು ಕೂಡುವುದನ್ನು ಅವಳು ಅವನ ಇಪ್ಪತ್ತೈದನೆಯ ವಯಸ್ಸಿನಿಂದ ನೋಡಿದ್ದಳು.

"'ಮಾತ್ರ' ಅನ್ನೋ ಪದ ಒಂಚೂರು ಹಿಂದೆ ಇಡಿ," ಎಂದ. "ಹೆಸರನ್ನು ಮಾತ್ರ ಅಲ್ಲ, ಮಾತ್ರ ಹೆಸರನ್ನು... ಇಲ್ಲ, ಬೇಡ. ನೀವು ಇಟ್ಟಿದ್ದೇ ಸರಿ." ಹಾಳೆ ಹಿಂದಕ್ಕೆ ಕೊಡುತ್ತ, "ಬೆಳಿಗ್ಗೆ ನಾನು ಆ ಮಕ್ಕಳ ಮುಂದೆ ಹಾಗೆ ಹೇಳಬಾರದಿತ್ತು," ಎಂದ.

"ಮಕ್ಕಳಿಗೆ ಕಲಿಯೋಕಾಯ್ತು, ಬಿಡು. ನೀನು ಹೊಸಬನಾಗಿದ್ದಾಗ ನಿನ್ನ ಮುಂದೆ ನಾನೂ ಎಷ್ಟು ಬೈಸಿಕೊಂಡಿಲ್ಲ," ಎಂದಳು ಆವ್ರಿಲ್. "ಮನೆಗೆ ಹೋಗಿ ಮಲಗು ಇವತ್ತಾದ್ರೂ. ಹೆಣದ ಹಾಗಿದ್ದೀಯ."

ನಾಲ್ಕು ಗಂಟೆಗೆ ಸಹಾಯಕ ಮಂತ್ರಿ ಓಲ್ಡ್‌ರಾಯ್ಡ್ ಅವರ ಸಹಿ ಆಗಬೇಕಿತ್ತು. ಅವರ ಆಪ್ತ ಗುಮಾಸ್ತ ಬಾಗಿಲಲ್ಲೇ, ಒಂದು ನಿಮಿಷ, ಸಹಿ, ಹೊರಗೆ ಎಂದು ಪಿಸುಗುಟ್ಟಿದ. ಒಳಗೆ ಮೇಜಿನ ತುಂಬ ಕಡತಗಳ ಗುಡ್ಡ. ಅದರ ಹಿಂದೆ ಯಾರಿಂದಲೋ ಪೆಟ್ಟು ತಿಂದು ಬಂದವರಂತೆ ಓಲ್ಡ್‌ರಾಯ್ಡ್ ಕೂತಿದ್ದರು. ಸಂಸತ್ತಿನಿಂದ ಈಗ ತಾನೇ ಬಂದಿದ್ದರು, ಟೈ ಬದಿಗೆ ವಾಲಿತ್ತು.

"ಇದಕ್ಕೆ ಯಾರ ವಿರೋಧ?" ಎಂದರು, ತಲೆಯೆತ್ತದೆ.

"ಯಾರದ್ದೂ ಇಲ್ಲ, ಮಂತ್ರಿಗಳೇ."

"ಯಾರದ್ದೂ?"

"ಎರಡು ದೇಶಗಳು ಹೆಸರು ಬದಲಾಯಿಸಿಕೊಂಡಿವೆ. ನಾವೂ ಹಾಗೇ ಕರೀತೀವಿ ಅಂತ ಹೇಳ್ತಿದ್ದೀವಿ. ಅಷ್ಟೇ."

ಅವರು ಈಗ ತಲೆಯೆತ್ತಿ ನೋಡಿದರು. ಪೆನ್ನು ಕೆಳಗಿಟ್ಟು, ಕುರ್ಚಿಗೆ ಒರಗಿ, "ಹಾಗಾದ್ರೆ ಪೂರ್ತಿ ಓದ್ತೀನಿ ಇದನ್ನ," ಎಂದರು. ಗುಮಾಸ್ತ ಗಡಿಯಾರ ನೋಡಿಕೊಂಡ. ಓಲ್ಡ್‌ರಾಯ್ಡ್ ಮೇಜಿನ ಕೆಳಗೆ ಬೂಟು ಕಳಚುವ ಸದ್ದಾಯಿತು. ಊಟದ ಪಟ್ಟಿ ಓದುವವರಂತೆ ಬೆರಳಿಟ್ಟು ನಿಧಾನವಾಗಿ ಓದಿದರು. ಕೊನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಇದು ಆದೇಶದ ಭಾಗ ಅಲ್ಲ ಅಂತ ನೀವೇ ಮೇಲೆ ಹಾಕಿದ್ದೀರಿ. ಮತ್ತೆ ಯಾಕಿದೆ ಈ ವಾಕ್ಯ?"

"ಬೇಡಾಂದ್ರೆ ತೆಗೆಸಬಹುದು ಸರ್, ಈಗಲೇ," ಎಂದ ಗುಮಾಸ್ತ.

ಉತ್ತರ ಹೇಳಬೇಕಾದ್ದು ಮುಖ್ಯಸ್ಥರು, ಪ್ರಶ್ನೆಗಳಿದ್ದರೆ ಬರೆದು ಕಳಿಸಬೇಕು, ಸಹಿಗೆ ಕಾಗದ ತಂದವರು ವಾದಿಸುವ ಪದ್ಧತಿಯಿಲ್ಲ. ಆವ್ರಿಲ್‌ಗೆ ಕುತ್ತಿಗೆಯಲ್ಲಿ ಮತ್ತೆ ಬಿಸಿ ಏರುವುದು ತಿಳಿಯಿತು. ಏರಲಿ ಎಂದುಕೊಂಡಳು.

"ತೆಗೀಬೇಡಿ," ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ಹಳೇ ಹೆಸರಿನ ಪಾಸ್‌ಪೋರ್ಟು ಹಿಡಿದು ಬಂದೋರನ್ನ ನಿಲ್ದಾಣಗಳಲ್ಲಿ ಕೂರಿಸ್ತಿದ್ದಾರೆ. ಕೂರಿಸೋರೂ ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ. ಅವರು ಕಾನೂನು ಓದೋದಿಲ್ಲ ಮಂತ್ರಿಗಳೇ, ಈ ಪುಟ ಓದ್ತಾರೆ."

ಗುಮಾಸ್ತ ನೆಲ ನೋಡಿದ. ಓಲ್ಡ್‌ರಾಯ್ಡ್ ಅವಳನ್ನು ಸ್ವಲ್ಪ ಹೊತ್ತು ನೋಡಿದರು, ಸಿಟ್ಟಿನಿಂದಲ್ಲ, ಬಹಳ ದಿನದ ಮೇಲೆ ಯಾರೋ ತಮಗೆ ನೇರವಾಗಿ ಏನನ್ನೋ ಹೇಳಿದ್ದನ್ನು ಗುರುತು ಹಿಡಿಯುವವರಂತೆ.

"ಇರಲಿ, ಇರಲಿ," ಎಂದರು. "ಇದನ್ನ ಹೇಗೆ ಹೇಳೋದು? ನಾಳೆ ಯಾರಾದ್ರೂ ಕೇಳಿದ್ರೆ? ಈಸ್ವಟ್ನಿ?"

"ಎಸ್ವಾತೀನಿ. 'ತೀ' ಮೇಲೆ ಸ್ವಲ್ಪ ಕೂರಬೇಕು."

"ಎಸ್ವಾತೀನಿ," ಎಂದರು ಮಂತ್ರಿಗಳು. ಇನ್ನೊಮ್ಮೆ, ಯಾರೂ ಕೇಳದಿದ್ದರೂ, ತಮ್ಮಷ್ಟಕ್ಕೆ ಹೇಳಿಕೊಂಡರು. "ಚೆನ್ನಾಗಿದೆ." ಆಮೇಲೆ ಶಾಯಿ ಪೆನ್ನು ತೆಗೆದು, ಆ ವಾರ ಸಹಿ ಮಾಡಿದ್ದಕ್ಕೆಲ್ಲ ಸೇರಿಸಿ ಒಂದು ಒಳ್ಳೆಯ ಸಹಿ ಮಾಡುವವರಂತೆ, ಪೂರ್ತಿ ಹೆಸರನ್ನು ಅಗಲವಾಗಿ ಬರೆದರು.

ಶಾಯಿ ಹಸಿಯಾಗಿತ್ತು. ಶಾಯಿ ಹೀರುವ ಒತ್ತುಕಾಗದ ಹುಡುಕಿದರೆ ಆ ಕೋಣೆಯಲ್ಲಿ ಎಲ್ಲೂ ಸಿಗಲಿಲ್ಲ. ಆವ್ರಿಲ್ ಹಾಳೆಯನ್ನು ಎರಡೂ ಅಂಗೈ ಮೇಲೆ, ತುಳುಕುವ ತಟ್ಟೆ ಹಿಡಿದವಳ ಹಾಗೆ ಮಟ್ಟಸವಾಗಿ ಹಿಡಿದುಕೊಂಡು ಹೊರಬಂದಳು. ಉದ್ದನೆಯ ಓಣಿಯಲ್ಲಿ ಕಡತ ಅಪ್ಪಿಕೊಂಡು ಓಡುತ್ತಿದ್ದವರು, ಫೋನಿನಲ್ಲಿ ಕೂಗಾಡುತ್ತಿದ್ದವರು ಅವಳ ನಡಿಗೆ ನೋಡಿ ಗೋಡೆಗೆ ಸರಿದು ದಾರಿ ಬಿಟ್ಟರು. ಓಣಿಯ ಕೊನೆಯಲ್ಲಿ ತೋಳು ಮಡಿಚಿದ ಅಂಗಿಯ, ಅವಳು ಎಂದೂ ಕಂಡಿರದ ಒಬ್ಬ ಗಂಡಸು ಬಾಗಿಲನ್ನು ಬೆನ್ನಿನಿಂದ ತಳ್ಳಿ ಹಿಡಿದು ನಿಂತ.

"ಅಷ್ಟೊಂದು ಮುಖ್ಯದ್ದಾ ಅದು?" ಎಂದು ಕೇಳಿದ.

"ಹೌದು," ಎಂದಳು ಆವ್ರಿಲ್, ಶಾಯಿಯ ಮೇಲೆ ಮೆಲ್ಲಗೆ ಊದುತ್ತ, ಅವನನ್ನು ದಾಟಿಕೊಂಡು ಮುಂದೆ ಹೋದಳು.